ಒಂದು ದುರಂತ ನಾಟಕ, ಒಂದು ಕಾದಂಬರಿ: ಹೈಸ್ಕೂಲ್ ಸಾಹಿತ್ಯ ತರಗತಿಗೆ ಯಾವ ಜೋಡಿ ಸರಿ?

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಜೂನ್‌ನಲ್ಲಿ ಪಠ್ಯಪುಸ್ತಕ ಬರುತ್ತದೆ, ಅದರಲ್ಲಿ ಇದ್ದದ್ದನ್ನು ಓದಿಸುತ್ತೇವೆ. ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳ ಶಿಕ್ಷಕರ ಪಾಡು ಬೇರೆ. ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಿರುವ ಕನ್ನಡಿಗರ ಮಕ್ಕಳಿಗೂ, ಮನೆಯಲ್ಲೇ ಪುಟ್ಟ ಓದುಗೂಟ ನಡೆಸುವ ತಂದೆ ತಾಯಂದಿರಿಗೂ ಅಷ್ಟೇ. ಅವರ ಮುಂದೆ ಉದ್ದದ ಪಟ್ಟಿ ಇರುತ್ತದೆ: ಇಷ್ಟರಲ್ಲಿ ಒಂದು ನಾಟಕ, ಇಷ್ಟರಲ್ಲಿ ಒಂದು ಕಾದಂಬರಿ ಆರಿಸಿಕೊಳ್ಳಿ. ‘ಮ್ಯಾಕ್‌ಬೆತ್’ ತೆಗೆದುಕೊಳ್ಳಲೋ ‘ಆಂಟಿಗೊನೆ’ಯೋ, ಡಿಕನ್ಸನೋ ಅಚೆಬೆಯೋ ಎಂದು ಕೇಳುವವರಿಗೆ ನಾನು ಹೇಳುವ ಮೊದಲ ಮಾತು, ಇವೆರಡನ್ನೂ ಬೇರೆ ಬೇರೆಯಾಗಿ ತೀರ್ಮಾನಿಸಬೇಡಿ. ನಾಟಕವನ್ನೂ ಕಾದಂಬರಿಯನ್ನೂ ಜೋಡಿಯಾಗಿ ಆರಿಸಿ. ನಾಟಕ ಎತ್ತಿದ ಪ್ರಶ್ನೆಯನ್ನು ಕಾದಂಬರಿ ಮುಂದುವರಿಸಬೇಕು, ಇಲ್ಲವೇ ಅದರೊಡನೆ ವಾದಕ್ಕೆ ನಿಲ್ಲಬೇಕು. ಹಾಗಾದರೆ ಡಿಸೆಂಬರ್‌ನಲ್ಲಿ ಕಾದಂಬರಿ ಹಿಡಿದ ಮಕ್ಕಳು ಆಗಸ್ಟ್‌ನ ನಾಟಕವನ್ನು ತಾವಾಗಿಯೇ ಎಳೆದು ತರುತ್ತಾರೆ. ಇಲ್ಲವಾದರೆ ಒಂದು ಪುಸ್ತಕ ಮುಗಿದೊಡನೆ ಅದು ಮರೆತೇ ಹೋಗುತ್ತದೆ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಸಮಯ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹಾಜರಿ, ಹೋಮ್‌ವರ್ಕ್, ಗಲಾಟೆ ಕಳೆದು ಓದಿಗೆ ಉಳಿಯುವುದು ಅರ್ಧ ಗಂಟೆ. ರಂಗದ ಮೇಲೆ ಎರಡು ಗಂಟೆಯಲ್ಲಿ ಮುಗಿಯುವ ನಾಟಕ, ನಿಲ್ಲಿಸಿ, ಕೇಳಿ, ವಿವರಿಸಿ ಓದುವಾಗ ಸಲೀಸಾಗಿ ಆರೇಳು ವಾರ ನುಂಗುತ್ತದೆ. ಆದ್ದರಿಂದ ಗಾತ್ರವನ್ನು ನಾಚಿಕೆಯಿಲ್ಲದೆ ಲೆಕ್ಕ ಹಾಕಿ. ಶೇಕ್ಸ್‌ಪಿಯರನ ದುರಂತಗಳಲ್ಲೆಲ್ಲ ಚಿಕ್ಕದಾದ ‘ಮ್ಯಾಕ್‌ಬೆತ್’ ಸುಮಾರು 17,000 ಪದಗಳದ್ದು. ‘ಹ್ಯಾಮ್ಲೆಟ್’ 30,000ದ ಆಸುಪಾಸಿನದು. ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಸುಮಾರು 30,000 ಪದಗಳಾದರೆ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅದರ ಆರರಷ್ಟಿದೆ. ಅರ್ಧ ಓದಿ ಉಳಿದರ್ಧವನ್ನು ಸಾರಾಂಶದಲ್ಲಿ ಮುಗಿಸಿದ ಮಹಾಕೃತಿಗಿಂತ, ಕೊನೆಯ ಪುಟದವರೆಗೆ ಓದಿದ ಚಿಕ್ಕ ಕೃತಿ ಎಷ್ಟೋ ವಾಸಿ. ದುರಂತದ ವಿಷಯದಲ್ಲಿ ಇದು ಇನ್ನೂ ನಿಜ, ಏಕೆಂದರೆ ಅದರ ಇಡೀ ಭಾರ ಬೀಳುವುದೇ ಕೊನೆಯ ಮೇಲೆ.

ಎರಡನೆಯದು, ಗಟ್ಟಿಯಾಗಿ ಓದಲು ಆಗುತ್ತದೆಯೇ ಎಂಬುದು. ಹಿಂದಿನ ಬೆಂಚಿನ ಹುಡುಗನಿಗೂ ಎರಡು ಸಾಲು ಸಿಗಬೇಕು. ಮೂರನೆಯದು ಜಗಳ: ‘ತಪ್ಪು ಯಾರದು?’ ಎಂದು ಕೇಳಿದರೆ ತರಗತಿ ಇಬ್ಭಾಗವಾಗಬೇಕು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಆ ಪುಸ್ತಕ ಆ ತರಗತಿಗೆ ಅಲ್ಲ. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಗೈಡುಗಳು. ಹೆಸರಾಂತ ಕೃತಿಗೆ ನೂರಾರು ಸಿದ್ಧ ಉತ್ತರಗಳು ಬೆರಳ ತುದಿಯಲ್ಲಿವೆ. ಅನುಭವ ಕಡಿಮೆಯಿರುವ ಶಿಕ್ಷಕರಿಗೆ ಅವು ಊರುಗೋಲಾಗುತ್ತವೆ, ಸೋಮಾರಿ ವಿದ್ಯಾರ್ಥಿಗೆ ಕಳ್ಳದಾರಿಯಾಗುತ್ತವೆ. ಅಷ್ಟೇನೂ ಹೆಸರಿಲ್ಲದ ಕೃತಿಯಲ್ಲಿ ಮಕ್ಕಳ ಸ್ವಂತ ಉತ್ತರ ಸಿಗುತ್ತದೆ, ಶಿಕ್ಷಕರ ದುಡಿಮೆ ದುಪ್ಪಟ್ಟಾಗುತ್ತದೆ.

ಖರ್ಚು ಮತ್ತು ವಯಸ್ಸಿನ ಮಾತನ್ನು ಆಯಾ ಕೃತಿಯ ಜೊತೆಗೇ ಹೇಳುತ್ತೇನೆ. ಒಂದು ಸಂಗತಿ ಮಾತ್ರ ಈಗಲೇ ಹೇಳಿಬಿಡಬೇಕು. ಮುಂದೆ ಹೋಲಿಸಲಿರುವ ನಾಲ್ಕು ನಾಟಕಗಳಲ್ಲಿ ಆತ್ಮಹತ್ಯೆ ಇಲ್ಲದ ನಾಟಕ ಒಂದೂ ಇಲ್ಲ. ‘ರೋಮಿಯೋ ಜೂಲಿಯೆಟ್’ನಲ್ಲಿ ಅದು ನಡುರಂಗದಲ್ಲಿ, ಸುಂದರವಾದ ಮಾತುಗಳ ನಡುವೆ ನಡೆಯುತ್ತದೆ. ‘ಮ್ಯಾಕ್‌ಬೆತ್’ನಲ್ಲಿ ರಾಣಿಯ ಸಾವು ಕೊನೆಗೆ ಕೇಳಿಬರುವ ಸುದ್ದಿಯಷ್ಟೇ. ಹದಿನಾಲ್ಕು ಹದಿನೈದರ ಮಕ್ಕಳ ಮುಂದೆ ಈ ವ್ಯತ್ಯಾಸ ದೊಡ್ಡದು. ತರಗತಿಯಲ್ಲಿ ಯಾರ ಮನೆಯಲ್ಲಿ ಏನಾಗಿದೆ ಎಂದು ವಿಚಾರಿಸಿಕೊಂಡು ಆಮೇಲೆ ಆರಿಸಿ.

ಗ್ರೀಕರ ಎರಡು

ಸೋಫೊಕ್ಲಿಸ್‌ನ ‘ಆಂಟಿಗೊನೆ’ ಕ್ರಿಸ್ತಪೂರ್ವ 441ರ ಸುಮಾರಿನದು. ಸುಮಾರು 1,350 ಸಾಲು, ಅಷ್ಟೇ. ದೊರೆ ಕ್ರಿಯಾನ್ ದೇಶದ್ರೋಹಿ ಎಂದು ಸಾರಿದ ಅಣ್ಣನ ಹೆಣಕ್ಕೆ ಮಣ್ಣು ಕೊಡುವ ತಂಗಿಯ ಕಥೆ. ಅಂತ್ಯಸಂಸ್ಕಾರವಿಲ್ಲದೆ ಬಿದ್ದ ಹೆಣ ಎಂದರೆ ಏನೆಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಈ ವಿಷಯದಲ್ಲಿ ಅವರು ಲಂಡನ್ನಿನ ಮಕ್ಕಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಹೆಣಕ್ಕೆ ಯಾರೋ ಮಣ್ಣು ಹಾಕಿದ್ದಾರೆ ಎಂಬ ಸುದ್ದಿ ತರುವ ಕಾವಲುಗಾರನ ದೃಶ್ಯವನ್ನು ಮೊದಲ ವಾರವೇ ಓದಿಸಿ. ಬರಲೋ ಬೇಡವೋ ಎಂದು ದಾರಿಯುದ್ದಕ್ಕೂ ತಿರುಗಿ ತಿರುಗಿ ನಿಂತದ್ದನ್ನೇ ಅವನು ದೊರೆಯ ಮುಂದೆ ವರದಿ ಮಾಡುತ್ತಾನೆ, ಸುದ್ದಿ ಮಾತ್ರ ಬಾಯಿಗೆ ಬರುವುದಿಲ್ಲ. ದುರಂತ ನಾಟಕದಲ್ಲಿ ನಗಬಹುದು ಎಂದು ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತದೆ. ನಾಟಕದ ನಡುನಡುವೆ ಗುಂಪಾಗಿ ಹಾಡುವ ಮೇಳದ ಹಾಡುಗಳು ಕಷ್ಟ, ಅನುಮಾನವಿಲ್ಲ. ಆದರೆ ಇಡೀ ತರಗತಿ ಒಂದೇ ದನಿಯಲ್ಲಿ ಓದಬಹುದಾದ ಭಾಗ ಅದೊಂದೇ. ಒಬ್ಬೊಬ್ಬರೇ ಓದಲು ನಾಚುವವರೂ ಅಲ್ಲಿ ಬಾಯಿಬಿಡುತ್ತಾರೆ.

ಜಗಳದ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಅಂತರ್ಯುದ್ಧ ಮುಗಿದ ಮರುದಿನ ಊರನ್ನು ಹಿಡಿದಿಡಬೇಕಾದ ದೊರೆಯ ಮಾತಿನಲ್ಲಿ ಹುರುಳಿಲ್ಲವೇ? ತಂದೆಗೆ ಬುದ್ಧಿ ಹೇಳಲು ಬಂದ ಕ್ರಿಯಾನ್‌ನ ಮಗ ಹೈಮಾನ್‌ನ ಜೊತೆಗಿನ ವಾಗ್ವಾದ, ಒಂದು ಸಾಲಿಗೆ ಒಂದು ಸಾಲು ಬಡಿದಾಡುತ್ತ, ಹದಿಹರೆಯದ ಮಕ್ಕಳ ಮನೆಯಲ್ಲಿ ದಿನವೂ ನಡೆಯುವಂಥದ್ದೇ. ಕೊನೆಯಲ್ಲಿ ಹೆಸರಿನ ನಾಯಕಿ ಸತ್ತು ಎಷ್ಟೋ ಹೊತ್ತಾಗಿರುತ್ತದೆ. ಎಲ್ಲವನ್ನೂ ಕಳೆದುಕೊಂಡು ಬದುಕಿ ಉಳಿಯುವವನು ಕ್ರಿಯಾನ್. ಹಾಗಾದರೆ ಇದು ಯಾರ ದುರಂತ? ಈ ಒಂದು ಪ್ರಶ್ನೆಗೆ ಎರಡು ಪೀರಿಯಡ್ ಸಾಲುವುದಿಲ್ಲ.

‘ಈಡಿಪಸ್’ ಅದಕ್ಕಿಂತ ಬಿಗಿಯಾದ ನಾಟಕ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸುವುದು ಇದನ್ನೇ. ಕೊಲೆಗಾರನನ್ನು ಹುಡುಕುತ್ತ ಹೊರಟ ದೊರೆಗೆ ಸಿಗುವ ಕೊಲೆಗಾರ ತಾನೇ. ಹತ್ತನೆಯ ತರಗತಿಯ ಕನ್ನಡದಲ್ಲಿ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಓದಿದ ಮಕ್ಕಳಿಗೆ ಇದರ ಬಾಗಿಲು ಅರ್ಧ ತೆರೆದೇ ಇರುತ್ತದೆ. ಕೃಷ್ಣ ಜನ್ಮರಹಸ್ಯ ಹೇಳಿದೊಡನೆ ಕರ್ಣ ‘ತನ್ನ ವಂಶವನರುಹಿ ಕೊಂದನು’ ಎಂದು ಒಳಗೊಳಗೇ ನೋಯುತ್ತಾನಲ್ಲ, ಹುಟ್ಟು ಗೊತ್ತಾಗುವುದೇ ಸಾವಾಗುವ ಆ ಗಳಿಗೆಯೇ ಈಡಿಪಸ್‌ನ ಮುಂದೆ ಮುದಿ ಕುರುಬ ಬಾಯಿಬಿಡುವ ಗಳಿಗೆ. ತೊಡಕಿರುವುದು ವಸ್ತುವಿನಲ್ಲಿ. ತಾಯಿಯನ್ನು ಮದುವೆಯಾದ ಮಗನ ಕಥೆಯನ್ನು ಒಂಬತ್ತನೆಯ ತರಗತಿಯಲ್ಲಿ ಎತ್ತಿದರೆ ಕಿಸಕ್ಕೆಂಬ ನಗುವಿನಲ್ಲೇ ಮೊದಲ ವಾರ ಕಳೆಯುತ್ತದೆ. ಹನ್ನೊಂದನೆಯದಕ್ಕೆ ಇಟ್ಟುಕೊಳ್ಳಿ.

ಖರ್ಚಿನ ಮಟ್ಟಿಗೆ ಗ್ರೀಕ್ ನಾಟಕಗಳದ್ದು ಒಂದು ವಿಚಿತ್ರ. ಮೂಲ ಎರಡೂವರೆ ಸಾವಿರ ವರ್ಷ ಹಳೆಯದಾದರೂ ಒಳ್ಳೆಯ ಅನುವಾದ ಉಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಆದರೆ ಅವುಗಳ ಇಂಗ್ಲಿಷ್ ಮಕ್ಕಳಿಗೆ ಇನ್ನೊಂದು ಗ್ರೀಕ್. ಈಚಿನ ಅನುವಾದಕ್ಕೆ ದುಡ್ಡು ಕೊಡಿ. ಈ ಪಟ್ಟಿಯಲ್ಲಿ ದುಡ್ಡು ಕೊಡಲೇಬೇಕಾದ ನಾಟಕಗಳು ಇವೇ. ಕನ್ನಡದಲ್ಲಿ ಓದಬಲ್ಲ ತಂದೆ ತಾಯಂದಿರು ಪಿ. ಲಂಕೇಶರ ‘ಈಡಿಪಸ್’, ‘ಅಂತಿಗೊನೆ’ ಅನುವಾದಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ. ಮಗು ಇಂಗ್ಲಿಷಿನಲ್ಲಿ, ಅಮ್ಮ ಕನ್ನಡದಲ್ಲಿ ಒಂದೇ ದೃಶ್ಯ ಓದಿದರೆ ಮನೆಯಲ್ಲಿ ಮಾತಿಗೆ ಒಂದು ನೆಪವಾಗುತ್ತದೆ. ಬಿ.ಎಂ.ಶ್ರೀ ಸೋಫೊಕ್ಲಿಸ್‌ನ ‘ಏಜಾಕ್ಸ್’ ಅನ್ನು ಮಹಾಭಾರತದ ಕಥೆಗೆ ಒಗ್ಗಿಸಿ 1929ರಲ್ಲಿ ಬರೆದ ‘ಅಶ್ವತ್ಥಾಮನ್’ ಕೂಡ ಇದೆ. ಹಳಗನ್ನಡದ ಬಿಗಿ ಇರುವುದರಿಂದ ಕನ್ನಡವನ್ನು ಐಚ್ಛಿಕವಾಗಿ ಓದುವ ಪಿಯುಸಿ ಮಕ್ಕಳಿಗೆ ಮಾತ್ರ ಅದು ಸರಿ.

ಶೇಕ್ಸ್‌ಪಿಯರನ ಎರಡು

‘ಮ್ಯಾಕ್‌ಬೆತ್’ ಚಿಕ್ಕದು, ವೇಗವಾದದ್ದು. ಮಾಟಗಾತಿಯರಿದ್ದಾರೆ, ಕೊಲೆಯಿದೆ, ಭೂತವಿದೆ. ಭಾಷೆ ಕಷ್ಟ ಎಂಬ ದೂರು ನಿಜವೇ. ಆದರೂ ಎರಡನೆಯ ಅಂಕದ ಎರಡನೆಯ ದೃಶ್ಯವನ್ನು ಒಮ್ಮೆ ಇಬ್ಬರು ಮಕ್ಕಳಿಗೆ ಕೊಟ್ಟು ನೋಡಿ. ದೊರೆಯನ್ನು ಕೊಂದು ಗಂಡ ಕೆಳಗಿಳಿದು ಬಂದಿದ್ದಾನೆ. ‘ನೀವು ಮಾತಾಡಿದಿರಾ?’ ‘ಯಾವಾಗ?’ ‘ಈಗ.’ ‘ನಾನು ಇಳಿದು ಬರುವಾಗಲೇ?’ ‘ಹೂಂ.’ ಇಂಗ್ಲಿಷಿನಲ್ಲೂ ಇವು ಒಂದೆರಡು ಪದದ ತುಂಡುಗಳೇ. ಒಂದು ಕಠಿಣ ಶಬ್ದವಿಲ್ಲ. ಉಸಿರು ಬಿಗಿಹಿಡಿದು ಓದಬೇಕಷ್ಟೇ. ಆಮೇಲೆ ಹೆಂಡತಿಯ ಕಣ್ಣು ಅವನ ಕೈಯ ಮೇಲೆ ಬೀಳುತ್ತದೆ: ಕೊಲೆಯ ಜಾಗದಲ್ಲೇ ಬಿಟ್ಟು ಬರಬೇಕಾಗಿದ್ದ ಕಠಾರಿಗಳನ್ನು ಅವನು ಹಿಡಿದುಕೊಂಡೇ ಬಂದಿದ್ದಾನೆ. ಹೊರಗೆ ಬಾಗಿಲು ಬಡಿಯುವ ಸದ್ದು. ಇಷ್ಟು ಓದಿಸಿದ ಮೇಲೂ ತರಗತಿ ಆಕಳಿಸಿದರೆ ಆಗ ಬೇರೆ ನಾಟಕ ಹುಡುಕಿ.

ಇದರ ನಿಜವಾದ ದೋಷ ಗೈಡುಗಳ ಸುಗ್ಗಿ. ‘ಮಹತ್ವಾಕಾಂಕ್ಷೆಯೇ ಅವನ ಅವನತಿಗೆ ಕಾರಣ’ ಎಂಬ ಒಂದು ವಾಕ್ಯ ತಲೆಮಾರುಗಳಿಂದ ನೋಟ್‌ಬುಕ್‌ನಿಂದ ನೋಟ್‌ಬುಕ್‌ಗೆ ದಾಟುತ್ತಿದೆ. ಅದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದು ನಿಷೇಧಿಸಿಬಿಡಿ. ಅರಿಸ್ಟಾಟಲನ ಪಾರಿಭಾಷಿಕ ಪದಗಳನ್ನೂ ಜೊತೆಗೇ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರೆ ನಷ್ಟವೇನಿಲ್ಲ. ನಾಟಕ ಮುಗಿದ ಮೇಲೆ ತೆಗೆದರಾಯಿತು. ನೋಡಿಸಲು ನಮ್ಮವರ ಕೆಲಸವೂ ಇದೆ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಗಾಗಿ ಇದನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ, ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆಗಳೊಂದಿಗೆ ಆಡಿಸಿದರು. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಇದೇ ಕಥೆಯ ಕನ್ನಡ ಮರುಹುಟ್ಟು.

‘ರೋಮಿಯೋ ಜೂಲಿಯೆಟ್’ ಮಕ್ಕಳಿಗೆ ಇಷ್ಟವಾಗುತ್ತದೆ ಎಂದು ನಂಬಿ ಆರಿಸುವವರು ಹೆಚ್ಚು. ನಾನು ಅಷ್ಟು ಒಲವು ತೋರುವುದಿಲ್ಲ. ‘ಮ್ಯಾಕ್‌ಬೆತ್’ಗಿಂತ ಸುಮಾರು 7,000 ಪದ ಉದ್ದ, ರೋಮಿಯೋನ ಗೆಳೆಯ ಮರ್ಕ್ಯೂಶಿಯೊನ ಪೋಲಿ ಶ್ಲೇಷೆಗಳನ್ನು ವಿವರಿಸುವುದೂ ಕಷ್ಟ, ಬಿಟ್ಟು ಮುಂದೆ ಹೋಗುವುದೂ ಕಷ್ಟ. ಆದರೆ ಒಂದು ಕಾರಣಕ್ಕೆ ಈಗ ಅದಕ್ಕೆ ಹೊಸ ಬೆಲೆ ಬಂದಿದೆ. ಜೂಲಿಯೆಟ್ ಸತ್ತಂತೆ ತೋರುವುದು ಬರಿಯ ಉಪಾಯ ಎಂದು ತಿಳಿಸುವ ಪತ್ರ ರೋಮಿಯೋಗೆ ತಲುಪದೆ ಹೋಗುವುದು, ಅದನ್ನು ಒಯ್ಯುತ್ತಿದ್ದ ಸನ್ಯಾಸಿಯನ್ನು ಪ್ಲೇಗಿನ ಶಂಕೆಯಿಂದ ಒಂದು ಮನೆಯಲ್ಲಿ ಕೂಡಿಹಾಕಿದ್ದರಿಂದ. ಕೋವಿಡ್ ಕಂಡ ಮಕ್ಕಳಿಗೆ ಕ್ವಾರಂಟೈನ್ ಎಂದರೆ ಹೇಳಿಕೊಡಬೇಕಿಲ್ಲ. ದುರಂತಕ್ಕೆ ಮನುಷ್ಯರ ತಪ್ಪು ಕಾರಣವೋ ಬರಿಯ ಆಕಸ್ಮಿಕವೋ ಎಂಬ ಚರ್ಚೆಗೆ ಇದೊಂದೇ ಸಾಕು. ಜಾತಿ, ಮನೆತನದ ಮರ್ಯಾದೆಗಾಗಿ ನಡೆಯುವ ಕೊಲೆಗಳ ಸುದ್ದಿ ಓದುವ ಊರಿನಲ್ಲಿ ಈ ನಾಟಕ ಬರಿಯ ಪ್ರೇಮಕಥೆಯಾಗಿ ಉಳಿಯುವುದೂ ಇಲ್ಲ.

ಶೇಕ್ಸ್‌ಪಿಯರನ ಪಠ್ಯ ಪುಕ್ಕಟೆ. ಆದರೂ ಎದುರು ಪುಟದಲ್ಲಿ ಟಿಪ್ಪಣಿಯಿರುವ ಶಾಲಾ ಆವೃತ್ತಿಯನ್ನು ಎಲ್ಲರಿಗೂ ಒಂದೇ ಪ್ರಕಾಶನದ್ದು ಕೊಡಿಸಿ. ಗದ್ಯ ಬರುವ ಕಡೆ ಸಾಲಿನ ಎಣಿಕೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ; ‘ಎಷ್ಟನೇ ಸಾಲು ಸರ್?’ ಎಂಬ ಪ್ರಶ್ನೆಯಲ್ಲೇ ಪೀರಿಯಡ್ ಮುಗಿಯುವುದು ಬೇಡ.

ಕಾದಂಬರಿಗಳು

‘ಆಫ್ ಮೈಸ್ ಅಂಡ್ ಮೆನ್’ (1937) ಆರೇ ಅಧ್ಯಾಯ, ನಾಲ್ಕು ದಿನದೊಳಗಿನ ಕಥೆ. ಅದೇ ವರ್ಷ ರಂಗಕ್ಕೂ ಏರಿತು. ಸಂಭಾಷಣೆ ಅಷ್ಟು ಹೆಚ್ಚು. ಕ್ಯಾಲಿಫೋರ್ನಿಯಾದ ಜಮೀನಿನಲ್ಲಿ ಕೂಲಿಗೆ ಬಂದ ಜಾರ್ಜ್ ಮತ್ತು ಲೆನ್ನಿಗೆ ಒಂದೇ ಆಸೆ, ತಮ್ಮದೇ ಒಂದು ತುಂಡು ನೆಲ. ಮುದುಕ ಕ್ಯಾಂಡಿಯ ನಾಯಿಯನ್ನು ಬೇರೊಬ್ಬ ಕರೆದೊಯ್ದು ಗುಂಡಿಕ್ಕುವ ಪುಟಗಳನ್ನು ನಿಧಾನವಾಗಿ ಓದಿಸಿ. ಹೊರಗಿನ ಗುಂಡಿನ ಸದ್ದಿಗಾಗಿ ಒಳಗೆ ಎಲ್ಲರೂ ಕಾಯುತ್ತಾರೆ. ಯಾರೋ ಇಸ್ಪೀಟಿನ ಮಾತೆತ್ತುತ್ತಾರೆ, ಯಾರಿಗೂ ಮಾತು ಮುಂದುವರಿಸಲಾಗುವುದಿಲ್ಲ. ನಾಯಿಯನ್ನು ನಾನೇ ಕೊಲ್ಲಬೇಕಿತ್ತು ಎಂದು ಕ್ಯಾಂಡಿ ಆಮೇಲೆ ಹೇಳುವ ಮಾತು ಕೊನೆಯ ಅಧ್ಯಾಯಕ್ಕೆ ಬೀಗದಕೈ. ಎಚ್ಚರಿಕೆಯೂ ಬೇಕು: ಕರಿಯನಾದ ಕ್ರೂಕ್ಸ್‌ನನ್ನು ಕರೆಯುವ ಬೈಗುಳಗಳು ಪುಟಪುಟದಲ್ಲಿವೆ. ಗಟ್ಟಿಯಾಗಿ ಓದುವಾಗ ಅವನ್ನು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ.

ಇದರ ಪಕ್ಕಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಇಟ್ಟು ನೋಡಿ. ಎರಡರ ನಡುವೆ ನಾಲ್ಕೇ ವರ್ಷ. ಚೋಮನಿಗೂ ಒಂದೇ ಆಸೆ, ತಾನು ಸಾಕಿದ ಎತ್ತು ಹೂಡಿ ಬೇಸಾಯ ಮಾಡುವುದು. ಜಾರ್ಜನ ಕನಸಿಗೆ ಹಣವೂ ಅದೃಷ್ಟವೂ ಅಡ್ಡ ಬಂದರೆ ಚೋಮನ ಕನಸಿಗೆ ಹುಟ್ಟೇ ಅಡ್ಡ. ಹೊಳೆಯಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿ ಎತ್ತುವವರಿಲ್ಲ. ದುರಂತ ನಾಯಕ ರಾಜನೋ ಸೇನಾಪತಿಯೋ ಆಗಿರಲೇಬೇಕೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮ್ಮಲ್ಲಿ ಸಿಗುವುದು ಕಷ್ಟ. ಬಿ.ವಿ. ಕಾರಂತರ 1975ರ ಚಲನಚಿತ್ರವೂ ಇದೆ, ಕಾದಂಬರಿ ಮುಗಿದ ಮೇಲೆ ತೋರಿಸಿ. ಜಾತಿಯ ಹೆಸರುಗಳು ಬರುವ ಪುಟಗಳನ್ನು ಯಾವ ಮಗುವಿನಿಂದ ಓದಿಸುತ್ತೀರಿ ಎಂಬುದರಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಅಂಥ ಪುಟಗಳನ್ನು ಶಿಕ್ಷಕರೇ ಓದುವುದು ಒಳ್ಳೆಯದು. ಗೈಡುಗಳ ಕಾಟ ಇಂಗ್ಲಿಷ್ ಕೃತಿಗಳಷ್ಟಿಲ್ಲ, ಬೆಲೆಯೂ ಹೊರೆಯಲ್ಲ.

ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) 25 ಚಿಕ್ಕ ಅಧ್ಯಾಯಗಳದ್ದು. ಇಂಗ್ಲಿಷ್ ಸರಳ, ತೊಡಕೆಲ್ಲ ಮೊದಲ ಮೂವತ್ತು ನಲವತ್ತು ಪುಟಗಳಲ್ಲಿ ಬರುವ, ಅಲ್ಲಿನ ಇಗ್ಬೊ ಜನರ ಹೆಸರುಗಳಲ್ಲಿ. ಗೋಡೆಗೆ ಒಂದು ವಂಶವೃಕ್ಷ ಅಂಟಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಮಾತಿಗೊಂದು ಗಾದೆ ಎಸೆಯುವ ಅಜ್ಜಿ ಮನೆಯಲ್ಲಿರುವ ಮಕ್ಕಳಿಗೆ ಕಥೆ ನಡೆಯುವ ಊರಾದ ಉಮುವೋಫಿಯಾದ ಹಿರಿಯರು ಬೇಗ ಹತ್ತಿರವಾಗುತ್ತಾರೆ. ಕಥಾನಾಯಕ ಒಕೊಂಕ್ವೊ, ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದ ಹುಡುಗನನ್ನು ಕಡಿಯುವುದು ಅಂಜುಬುರುಕ ಎನಿಸಿಕೊಂಡೇನೆಂಬ ಅಂಜಿಕೆಯಿಂದ. ನೀನು ಗಂಡಸೇ ಎಂಬ ಹೆಂಡತಿಯ ಚುಚ್ಚುಮಾತಿಗೆ ಕಠಾರಿ ಹಿಡಿದ ಮ್ಯಾಕ್‌ಬೆತ್ ಆಗ ತಾನಾಗಿಯೇ ನೆನಪಾಗುತ್ತಾನೆ. ಅಚೆಬೆ ಅಲ್ಲಿಗೇ ನಿಲ್ಲುವುದಿಲ್ಲ. ಒಬ್ಬನ ಪತನದ ಜೊತೆಗೆ ಒಂದು ಊರಿನ ಬಾಳೂ ಕುಸಿಯುತ್ತದೆ. ಕೊನೆಯ ಪ್ಯಾರಾದಲ್ಲಿ ಬ್ರಿಟಿಷ್ ಅಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಟ್ಟರೆ ಸಾಕು ಎಂದು ಲೆಕ್ಕ ಹಾಕುತ್ತಾನೆ. ಇಡೀ ಕಾದಂಬರಿ ಓದಿ ಬಂದ ಮಗುವಿಗೆ ಅಲ್ಲಿ ಬರುವ ಸಿಟ್ಟು, ಸಾರಾಂಶ ಓದಿದವನಿಗೆ ಬರುವುದಿಲ್ಲ. ಈ ಕಥೆಯೂ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ ಎಂಬುದು ನೆನಪಿರಲಿ.

‘ಫ್ರಾಂಕೆನ್‌ಸ್ಟೈನ್’ (1818) ವಿಜ್ಞಾನದ ಮಕ್ಕಳಿಗೆ, ಜೀವಿಯೊಂದನ್ನು ತಾನೇ ಸೃಷ್ಟಿಸುವವನ ಕಥೆ. ಮೇರಿ ಶೆಲ್ಲಿ ಬರೆಯಲು ಆರಂಭಿಸಿದಾಗ ಆಕೆಗೆ 18 ವರ್ಷ. ಈ ಸಂಗತಿಯೊಂದೇ ಹನ್ನೆರಡನೆಯ ತರಗತಿಯನ್ನು ಎದ್ದು ಕೂರಿಸುತ್ತದೆ. ಪುಕ್ಕಟೆ ಸಿಗುತ್ತದೆ. ಆದರೆ ವಾಕ್ಯಗಳು ಉದ್ದ, ಕಥೆಯೊಳಗೆ ಕಥೆ, ಸಿನಿಮಾದ ರಾಕ್ಷಸನನ್ನು ನಿರೀಕ್ಷಿಸಿ ಬಂದವರಿಗೆ ಮಿಲ್ಟನ್ನನ ಕಾವ್ಯ ಓದುವ ಜೀವಿ ಎದುರಾಗುತ್ತದೆ. ಭಾಷೆಯಲ್ಲಿ ಗಟ್ಟಿಯಿರುವ ತರಗತಿಗೆ ಮಾತ್ರ.

‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ದುರಂತವೇನಲ್ಲ, 59 ಅಧ್ಯಾಯ ಬೇರೆ. ಇಡೀ ವರ್ಷ ಕೈಯಲ್ಲಿದ್ದರೆ ಡಿಕನ್ಸನ ದಾರಿಯನ್ನೇ ಹಿಡಿಯಬಹುದು: ಅದು 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ 36 ಕಂತುಗಳಾಗಿ ಬಂದದ್ದು, ಹೆಚ್ಚುಕಡಿಮೆ ಒಂದು ಶಾಲಾ ವರ್ಷದಷ್ಟು. ವಾರಕ್ಕೊಂದು ಕಂತು ಮನೆಯಲ್ಲಿ, ಶುಕ್ರವಾರ ಚರ್ಚೆ. ಒಂದೇ ಟರ್ಮ್ ಇದ್ದರೆ ಅದನ್ನು ಮುಟ್ಟಬೇಡಿ.

ಯಾರಿಗೆ ಯಾವ ಜೋಡಿ

ಒಂಬತ್ತನೆಯ ತರಗತಿಗೆ, ಮೊದಲ ಸಲ ದುರಂತ ಓದುವವರಿಗೆ ‘ಆಂಟಿಗೊನೆ’ ಮತ್ತು ‘ಆಫ್ ಮೈಸ್ ಅಂಡ್ ಮೆನ್’. ಪ್ರೀತಿಪಾತ್ರರಿಗಾಗಿ ಕಾನೂನು ಮುರಿಯುವುದು ಎರಡರಲ್ಲೂ ಇದೆ, ಎರಡೂ ಒಂದು ಟರ್ಮ್‌ನೊಳಗೆ ಮುಗಿಯುತ್ತವೆ. ಕನ್ನಡ ಓದಬಲ್ಲ ತರಗತಿಯಾದರೆ ಕಾದಂಬರಿಯ ಜಾಗಕ್ಕೆ ‘ಚೋಮನ ದುಡಿ’ ಬರಲಿ, ಪುರುಸೊತ್ತಿದ್ದರೆ ಎರಡೂ ಇರಲಿ.

ಪರೀಕ್ಷೆಯಲ್ಲಿ ಎರಡು ಕೃತಿಗಳನ್ನು ಹೋಲಿಸಿ ಪ್ರಬಂಧ ಬರೆಯಬೇಕಾದ ಹನ್ನೊಂದು, ಹನ್ನೆರಡನೆಯವರಿಗೆ ‘ಮ್ಯಾಕ್‌ಬೆತ್’ ಮತ್ತು ‘ಥಿಂಗ್ಸ್ ಫಾಲ್ ಅಪಾರ್ಟ್’. ಒಂದರಲ್ಲೇ ಆರಿಸಿ ಎಂದರೆ ನನ್ನ ಓಟು ಈ ಜೋಡಿಗೆ. ನಾಟಕಕ್ಕೆ ಗೈಡುಗಳ ಆಸರೆ ಇದೆ, ಹೋಲಿಕೆಯನ್ನು ಮಾತ್ರ ಮಕ್ಕಳು ಸ್ವಂತ ತಲೆಯಿಂದಲೇ ಕಟ್ಟಬೇಕು. ವಿಜ್ಞಾನ ವಿಭಾಗದವರು ಹೆಚ್ಚಿದ್ದು ಭಾಷೆ ಗಟ್ಟಿಯಿದ್ದರೆ ‘ಈಡಿಪಸ್’ ಮತ್ತು ‘ಫ್ರಾಂಕೆನ್‌ಸ್ಟೈನ್’: ತಿಳಿಯಲೇಬೇಕೆಂಬ ಹಟ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಎರಡರ ಬೆನ್ನೆಲುಬು. ಶಾಲೆಯಲ್ಲಿ ಪುಸ್ತಕಕ್ಕೆ ದುಡ್ಡೇ ಇಲ್ಲದಿದ್ದರೆ ‘ಮ್ಯಾಕ್‌ಬೆತ್’, ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ ಮುದ್ರಿಸಿ ಹಂಚಬಹುದು. ಟಿಪ್ಪಣಿ ಬರೆಯುವ ಹೊರೆ ಶಿಕ್ಷಕರ ಮೇಲೆ ಬೀಳುತ್ತದೆ ಅಷ್ಟೇ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಪುಸ್ತಕಕ್ಕೆ ಆರ್ಡರ್ ಕೊಡುವ ಮುನ್ನ ಎರಡು ಪೀರಿಯಡ್ ಖರ್ಚು ಮಾಡಿ. ಒಂದು ದಿನ ಆಂಟಿಗೊನೆಯ ಕಾವಲುಗಾರನ ದೃಶ್ಯ, ಮರುದಿನ ಮ್ಯಾಕ್‌ಬೆತ್‌ನ ಕಠಾರಿಗಳ ದೃಶ್ಯ. ಎರಡನ್ನೂ ಜೆರಾಕ್ಸ್ ಮಾಡಿಸಿ, ಪಾತ್ರ ಹಂಚಿ, ವಿವರಣೆ ಕೊಡದೆ ಓದಿಸಿ. ಗಂಟೆ ಬಾರಿಸಿದ ಮೇಲೂ ‘ಮುಂದೇನಾಯಿತು?’ ಎಂಬ ಪ್ರಶ್ನೆ ಯಾವ ದಿನ ಹೆಚ್ಚು ಬಂತು ಎಂದು ಗುರುತು ಹಾಕಿಕೊಂಡು ಆ ನಾಟಕಕ್ಕೆ ಆರ್ಡರ್ ಕೊಡಿ. ಅದಕ್ಕೆ ಒಪ್ಪುವ ಕಾದಂಬರಿಯ ಪ್ರತಿಗಳನ್ನೂ ಆಗಲೇ ತರಿಸಿಟ್ಟುಕೊಳ್ಳಿ, ದಸರಾ ರಜೆಗೆ ಮೊದಲೇ ಮಕ್ಕಳ ಕೈಗೆ ಕೊಡಬಹುದು.